ಶಾರ್ಟ್‌ಕಟ್, ಅಲಿಯಾಸ್, ಸಿಮ್‌ಲಿಂಕ್, ಜಂಕ್ಷನ್: ಫೋಲ್ಡರಿಗೆ ಎರಡನೇ ದಾರಿ ಯಾವುದಿರಲಿ?

ಡಿಸ್ಕ್ ತುಂಬಿದಾಗಲೇ ಬಹಳಷ್ಟು ಜನ ಮೊದಲ ಸಲ ಈ ಪ್ರಶ್ನೆಯ ಮುಂದೆ ಬಂದು ನಿಲ್ಲುವುದು. ಫೋಟೊ ಫೋಲ್ಡರನ್ನು ದೊಡ್ಡ ಡಿಸ್ಕಿಗೆ ಸಾಗಿಸಬೇಕು, ಆದರೆ ಹಳೆಯ ಜಾಗದಲ್ಲೂ ಅದು ಇದ್ದ ಹಾಗೇ ಕಾಣಬೇಕು. ಇಲ್ಲವೇ ಒಂದೇ ಫೋಲ್ಡರು ಎರಡು ಪ್ರಾಜೆಕ್ಟುಗಳಿಗೂ ಬೇಕು. ಎರಡು ಪ್ರತಿ ಇಟ್ಟರೆ ಯಾವುದು ಹೊಸದು, ಯಾವುದು ಹಳತು ಎಂಬುದೇ ಗೋಜಲಾಗುತ್ತದೆ. ಆಗ ಮೂಲವನ್ನು ಒಂದೇ ಕಡೆ ಇಟ್ಟು ಇನ್ನೊಂದು ಕಡೆಯಿಂದ ದಾರಿ ಮಾಡಿಕೊಳ್ಳುವುದು ಸರಿಯಾದ ಉಪಾಯ. ಆದರೆ ಆ ದಾರಿಯಲ್ಲಿ ಹಲವು ಬಗೆಗಳಿವೆ, ಫೋಲ್ಡರುಗಳನ್ನು ತೆರೆದು ತೋರಿಸುವ ಒಂದೊಂದು ಫೈಲ್ ಮ್ಯಾನೇಜರೂ ಅವನ್ನು ಒಂದೊಂದು ರೀತಿ ನಡೆಸಿಕೊಳ್ಳುತ್ತದೆ.

ಇದು ನನಗೆ ಅರ್ಥವಾದದ್ದು ನಷ್ಟ ಆದಮೇಲೆ. ಲಿನಕ್ಸ್ ಕಂಪ್ಯೂಟರಿನಲ್ಲಿ ಫೋಟೊಗಳನ್ನೆಲ್ಲ ಎರಡನೇ ಡಿಸ್ಕಿನಲ್ಲಿಟ್ಟು, ಹೋಮ್ ಫೋಲ್ಡರಿನಲ್ಲಿ ಅದಕ್ಕೊಂದು ಸಿಮ್‌ಲಿಂಕ್ (ಮೂಲದತ್ತ ಕರೆದೊಯ್ಯುವ ಲಿಂಕ್) ಮಾಡಿದ್ದೆ. ಬ್ಯಾಕಪ್ ತೆಗೆಯುವಾಗ ಹೋಮ್ ಫೋಲ್ಡರನ್ನೇ ಹೊರಗಿನ ಡಿಸ್ಕಿಗೆ ಎಳೆದುಹಾಕಿದೆ. ಸರಿ ಬಂದಿದೆಯೇ ಎಂದು ತೆರೆದೂ ನೋಡಿದೆ, ಫೋಟೊಗಳೆಲ್ಲ ಕಂಡವು. ಎರಡನೇ ಡಿಸ್ಕ್ ಕೆಟ್ಟ ದಿನ ಬ್ಯಾಕಪ್ ತೆರೆದರೆ ಅಲ್ಲಿ ಒಂದು ಫೋಟೊವೂ ಇರಲಿಲ್ಲ. ಫೈಲ್ ಮ್ಯಾನೇಜರ್ ನಕಲು ಮಾಡಿದ್ದು ಲಿಂಕನ್ನು ಮಾತ್ರ. ಮೊದಲು ತೆರೆದಾಗ ಕಂಡದ್ದು ಅದೇ ಲಿಂಕಿನ ಮೂಲಕ ಎರಡನೇ ಡಿಸ್ಕಿನಲ್ಲಿದ್ದ ಮೂಲ ಫೋಟೊಗಳು. ತಂತ್ರಾಂಶ ತನ್ನ ನಿಯಮದಂತೆ ಸರಿಯಾಗಿಯೇ ನಡೆದಿತ್ತು, ಆ ನಿಯಮ ನನಗೆ ತಿಳಿದಿರಲಿಲ್ಲ. ಆದ್ದರಿಂದ ಈ ಹೋಲಿಕೆಯಲ್ಲಿ ನಾನು ಎರಡು ಪ್ರಶ್ನೆಗಳಿಗೆ ಅಂಟಿಕೊಳ್ಳುತ್ತೇನೆ. ಈ ದಾರಿಯಲ್ಲಿ ನಡೆಯುವವರು ನೀವೊಬ್ಬರೇ ಅಥವಾ ಬೇರೆ ಪ್ರೋಗ್ರಾಮುಗಳೂ ನಡೆಯಬೇಕೇ? ನಕಲು ಮಾಡಿದಾಗ, ಅಳಿಸಿದಾಗ ನಿಮ್ಮ ಫೈಲ್ ಮ್ಯಾನೇಜರ್ ಮುಟ್ಟುವುದು ಲಿಂಕನ್ನೋ ಅದರಾಚೆಯ ಸರಕನ್ನೋ?

ಹೆಸರು ಹಲವು, ಬಗೆ ಎರಡೇ

ಒಂದು ಬಗೆ ವಿಳಾಸ ಬರೆದಿಟ್ಟ ಚೀಟಿಯಂಥದ್ದು. ವಿಂಡೋಸ್‌ನ ಶಾರ್ಟ್‌ಕಟ್, ಮ್ಯಾಕ್‌ನ ಅಲಿಯಾಸ್, ಲಿನಕ್ಸ್ ಡೆಸ್ಕ್‌ಟಾಪಿನ .ಡೆಸ್ಕ್‌ಟಾಪ್ ಫೈಲು ಈ ಗುಂಪಿನವು. ಇವು ಸ್ವತಃ ಪುಟ್ಟ ಫೈಲುಗಳು. ಚೀಟಿ ಓದಲು ಬರುವ ಪ್ರೋಗ್ರಾಮು ಆ ವಿಳಾಸಕ್ಕೆ ಹೋಗುತ್ತದೆ, ಓದಲು ಬಾರದ್ದಕ್ಕೆ ಅದು ಯಾವುದೋ ಒಂದು ಫೈಲು, ಅಷ್ಟೇ.

ಇನ್ನೊಂದು ಬಗೆ ಗೋಡೆಯಲ್ಲಿ ತೆಗೆದ ಬಾಗಿಲಿನಂಥದ್ದು. ಸಿಮ್‌ಲಿಂಕ್ ಮತ್ತು ಜಂಕ್ಷನ್ ಇಲ್ಲಿಗೆ ಸೇರುತ್ತವೆ. ಇವನ್ನು ತೆರೆಯುವುದು ಫೈಲ್ ಮ್ಯಾನೇಜರ್ ಅಲ್ಲ, ಆಪರೇಟಿಂಗ್ ಸಿಸ್ಟಮ್. ಹಾಗಾಗಿ ಫೋಟೊ ಎಡಿಟರ್ ಇರಲಿ, ಆಟವಿರಲಿ, ಟರ್ಮಿನಲ್ಲಿನಲ್ಲಿ ಟೈಪ್ ಮಾಡಿ ಕೊಡುವ ಕಮಾಂಡ್ ಇರಲಿ, ಎಲ್ಲವೂ ಒಳಗೆ ಹೋಗುತ್ತವೆ. ತಾವು ಬೇರೆ ಡಿಸ್ಕಿಗೆ ಬಂದಿದ್ದೇವೆ ಎಂಬುದೂ ಹೆಚ್ಚಿನವಕ್ಕೆ ತಿಳಿಯುವುದಿಲ್ಲ.

ಚೀಟಿಗಳ ಕಥೆ

ವಿಂಡೋಸ್ ಶಾರ್ಟ್‌ಕಟ್ ಬಂದದ್ದು ವಿಂಡೋಸ್ 95ರ ಜೊತೆ. ಅದರ ಫೈಲಿನ ಬಾಲ .ಎಲ್‌ಎನ್‌ಕೆ. ಎಕ್ಸ್‌ಟೆನ್ಶನ್ ತೋರಿಸು ಎಂದು ಸೆಟ್ಟಿಂಗ್ ಹಾಕಿದರೂ ವಿಂಡೋಸ್‌ನ ಫೈಲ್ ಮ್ಯಾನೇಜರ್ ಆದ ಎಕ್ಸ್‌ಪ್ಲೋರರ್ ಈ ಬಾಲವನ್ನು ಮಾತ್ರ ತೋರಿಸುವುದಿಲ್ಲ, ಅದಕ್ಕೆ ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಡುವ ರಿಜಿಸ್ಟ್ರಿಯಲ್ಲೇ ಬೇರೆ ನಿಯಮವಿದೆ. ಆಲ್ಟ್ ಕೀ ಒತ್ತಿಹಿಡಿದು ಫೋಲ್ಡರನ್ನು ಎಳೆದರೆ ಶಾರ್ಟ್‌ಕಟ್ ಸಿದ್ಧ. ಮೌಸಿನ ಬಲಗುಂಡಿಯಲ್ಲಿ ಎಳೆದು ಬಿಟ್ಟರೆ ಮೆನು ಕೇಳುತ್ತದೆ.

ಇದರ ಒಳ್ಳೆಯ ಗುಣವೆಂದರೆ ಮರೆವು ಕಡಿಮೆ. ಮೂಲ ಫೋಲ್ಡರನ್ನು ಅದೇ ಎನ್‌ಟಿಎಫ್‌ಎಸ್ (ವಿಂಡೋಸ್ ಡಿಸ್ಕುಗಳ ಮಾಮೂಲಿ ವಿನ್ಯಾಸ) ಡ್ರೈವಿನೊಳಗೆ ಬೇರೆಡೆಗೆ ಸರಿಸಿದರೂ, ಹೆಸರು ಬದಲಿಸಿದರೂ ವಿಂಡೋಸ್ ಬಹುಮಟ್ಟಿಗೆ ಅದನ್ನು ಹುಡುಕಿಕೊಳ್ಳುತ್ತದೆ. ದಾರಿಯ ಹೆಸರಿನ ಜೊತೆಗೆ ಮೂಲದ ಇತರ ಗುರುತುಗಳನ್ನೂ ಶಾರ್ಟ್‌ಕಟ್ ಬರೆದಿಟ್ಟುಕೊಂಡಿರುವುದರಿಂದ ಇದು ಸಾಧ್ಯ. ದೋಷವೆಂದರೆ ಟರ್ಮಿನಲ್ಲಿನಲ್ಲಿ ಅದರ ಹೆಸರಿನೊಂದಿಗೆ ಫೋಲ್ಡರಿಗೆ ಹೋಗುವ ಸಿಡಿ ಕಮಾಂಡ್ ಕೊಟ್ಟರೆ ಒಳಗೆ ಹೋಗಲಾಗುವುದಿಲ್ಲ. ಪ್ರೋಗ್ರಾಮೊಂದಕ್ಕೆ ಡೇಟಾ ಫೋಲ್ಡರ್ ಎಂದು ಅದನ್ನು ತೋರಿಸಿದರೂ ಕೆಲಸವಾಗದು. ಹಾಗಾಗಿ ಫೋಟೊ ಫೋಲ್ಡರನ್ನು ಬೇರೆ ಡಿಸ್ಕಿಗೆ ಸಾಗಿಸಿ ಹಳೆಯ ಜಾಗದಲ್ಲಿ ಶಾರ್ಟ್‌ಕಟ್ ಇಟ್ಟರೆ ನಿಮ್ಮ ಕೈ ದಾರಿ ಕಂಡುಕೊಳ್ಳುತ್ತದೆ, ಫೋಟೊ ತಂತ್ರಾಂಶ ಕಂಡುಕೊಳ್ಳುವುದಿಲ್ಲ.

ಶಾರ್ಟ್‌ಕಟ್ ಒತ್ತಿದಾಗ ಎಕ್ಸ್‌ಪ್ಲೋರರಿನ ಅಡ್ರೆಸ್ ಬಾರ್ ಮೂಲ ಜಾಗಕ್ಕೇ ಜಿಗಿಯುತ್ತದೆ. ಅಲ್ಲಿಂದ ಮೇಲ್ಮುಖ ಬಾಣ ಒತ್ತಿದರೆ ಮೂಲ ಫೋಲ್ಡರಿನ ಮೇಲಿನ ಫೋಲ್ಡರಿಗೆ ಹೋಗುತ್ತೀರಿ, ನೀವು ಹೊರಟ ಜಾಗಕ್ಕಲ್ಲ. ಹೊರಟಲ್ಲಿಗೆ ಮರಳಲು ಹಿಂದಕ್ಕೆ ಹೋಗುವ ಬಾಣವೇ ಬೇಕು. ಸಣ್ಣ ಮಾತೆನಿಸಬಹುದು, ಆದರೆ ದಿನಕ್ಕೆ ಹಲವು ಸಲ ಓಡಾಡುವವರಿಗೆ ತಲೆ ತಿರುಗಿಸುವ ಸಂಗತಿ ಇದೇ.

ವಿಂಡೋಸ್‌ನಲ್ಲಿ ಇನ್ನೊಂದು ವಿಚಿತ್ರ ಬಗೆಯಿದೆ. ನೆಟ್‌ವರ್ಕ್ ಲೊಕೇಶನ್ ಸೇರಿಸಿದಾಗ ಅದು ಒಂದು ನಿಜವಾದ ಫೋಲ್ಡರನ್ನೇ ಮಾಡಿ, ಒಳಗೆ ಡೆಸ್ಕ್‌ಟಾಪ್ ಡಾಟ್ ಐಎನ್‌ಐ ಎಂಬ ಫೈಲನ್ನೂ ಟಾರ್ಗೆಟ್ ಎಂಬ ಶಾರ್ಟ್‌ಕಟ್ಟನ್ನೂ ಇಡುತ್ತದೆ. ಎಕ್ಸ್‌ಪ್ಲೋರರ್ ಕಣ್ಣಿಗೆ ಅದು ದೂರದ ಫೋಲ್ಡರ್, ಉಳಿದ ಪ್ರೋಗ್ರಾಮುಗಳಿಗೆ ಎರಡು ಫೈಲಿರುವ ಸಾಮಾನ್ಯ ಫೋಲ್ಡರ್. ಇದನ್ನು ಕೈಯಾರೆ ಕಟ್ಟಿಕೊಳ್ಳುವ ವಿಧಾನವೂ ಇದೆ. ನಾನಂತೂ ಬೇಡವೆನ್ನುತ್ತೇನೆ: ಹೊರಗೆ ಬಾಗಿಲಿನಂತೆ ಕಂಡು ಒಳಗೆ ಚೀಟಿಯೇ ಆಗಿರುವ ವಸ್ತುವನ್ನು ಬ್ಯಾಕಪ್ ತಂತ್ರಾಂಶದ ಕೈಗೆ ಕೊಟ್ಟರೆ ಆಮೇಲೆ ಸಿಗುವುದು ಆ ಎರಡು ಫೈಲುಗಳೇ.

ಪೆನ್‌ಡ್ರೈವಿನ ಮಾತನ್ನೂ ಇಲ್ಲೇ ಹೇಳಬೇಕು. ಫೋಲ್ಡರುಗಳನ್ನು ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಮುಂದಿಡುವ ವೈರಸ್‌ಗಳು ಬಹಳ ಹಳೆಯವು. ಬಾಲ ಕಾಣದ್ದರಿಂದ ಜನ ನಂಬಿ ಒತ್ತುತ್ತಾರೆ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ ಬಳಸಿಕೊಂಡದ್ದು ಇನ್ನೂ ಕೆಟ್ಟ ದೋಷವನ್ನು. ಶಾರ್ಟ್‌ಕಟ್ ಒತ್ತುವುದೂ ಬೇಕಿರಲಿಲ್ಲ, ಎಕ್ಸ್‌ಪ್ಲೋರರ್ ಅದರ ಐಕಾನನ್ನು ತೋರಿಸಿದರೆ ಸಾಕಿತ್ತು. ಆ ದೋಷಕ್ಕೆ ಅದೇ ವರ್ಷ ತೇಪೆ ಬಂತು. ಆದರೂ ಪರರ ಪೆನ್‌ಡ್ರೈವಿನಲ್ಲಿ ಫೋಲ್ಡರ್ ಐಕಾನಿನ ಮೂಲೆಯಲ್ಲಿ ಬಾಣ ಕಂಡರೆ ಒತ್ತಬೇಡಿ.

ಮ್ಯಾಕ್‌ನ ಅಲಿಯಾಸ್ ಇದಕ್ಕಿಂತ ಹಿರಿಯ, 1991ರ ಸಿಸ್ಟಮ್ 7ರಲ್ಲೇ ಇತ್ತು. ಮೂಲವನ್ನು ಅದೇ ಡಿಸ್ಕಿನಲ್ಲಿ ಎಲ್ಲಿಗೆ ಸರಿಸಿದರೂ ಬೆನ್ನುಹತ್ತಿ ಹೋಗುವುದರಲ್ಲಿ ಇದರಷ್ಟು ನಂಬಿಕಸ್ಥ ಬೇರಿಲ್ಲ ಎಂಬುದು ನನ್ನ ಅನುಭವ. ಆಪ್ಶನ್ ಮತ್ತು ಕಮಾಂಡ್ ಕೀಗಳನ್ನು ಒಟ್ಟಿಗೆ ಹಿಡಿದು ಎಳೆದರೆ ಅಲಿಯಾಸ್ ಆಗುತ್ತದೆ; ಅದನ್ನು ಆರಿಸಿ ಕಮಾಂಡ್ ಮತ್ತು ಆರ್ ಒತ್ತಿದರೆ ಮೂಲ ಎಲ್ಲಿದೆಯೆಂದು ತೋರಿಸುತ್ತದೆ. ತೊಂದರೆ ಇರುವುದು ಮ್ಯಾಕ್‌ನ ಫೈಲ್ ಮ್ಯಾನೇಜರ್ ಆದ ಫೈಂಡರಿನ ತೋರಿಕೆಯಲ್ಲಿ. ಸಿಮ್‌ಲಿಂಕನ್ನೂ ಅಲಿಯಾಸನ್ನೂ ಅದು ಒಂದೇ ಬಾಣದ ಗುರುತಿನಿಂದ ತೋರಿಸುತ್ತದೆ, ಗೆಟ್ ಇನ್ಫೋ ತೆರೆದರೂ ಎರಡಕ್ಕೂ ಅಲಿಯಾಸ್ ಎಂದೇ ಬರೆದಿರುತ್ತದೆ. ಯಾವುದು ಯಾವುದೆಂದು ಖಚಿತವಾಗಬೇಕಾದರೆ ಟರ್ಮಿನಲ್ಲಿಗೆ ಹೋಗಿ ಎಲ್‌ಎಸ್ -ಎಲ್ ಕೊಡಿ. ಹೆಸರಿನ ಮುಂದೆ ಬಾಣವೂ ದಾರಿಯೂ ಬಂದರೆ ಅದು ಸಿಮ್‌ಲಿಂಕ್, ಬರದಿದ್ದರೆ ಅಲಿಯಾಸ್.

ಬಾಗಿಲುಗಳ ಕಥೆ

ಸಿಮ್‌ಲಿಂಕ್ ಯುನಿಕ್ಸ್ ಲೋಕದ್ದು. 1983ರ 4.2ಬಿಎಸ್‌ಡಿ ಆವೃತ್ತಿಯಿಂದ ಅದು ಹರಡಿತು, ಇಂದು ಲಿನಕ್ಸಿನಲ್ಲೂ ಮ್ಯಾಕ್‌ನಲ್ಲೂ ಹಾಸುಹೊಕ್ಕಾಗಿದೆ. ಅದರೊಳಗೆ ಇರುವುದು ಒಂದು ದಾರಿಯ ಹೆಸರು ಮಾತ್ರ. ಮೂಲವನ್ನು ಸರಿಸಿದರೆ ಅದಕ್ಕೆ ಸುದ್ದಿಯೇ ಮುಟ್ಟುವುದಿಲ್ಲ, ಅಲ್ಲಿಗೇ ಲಿಂಕ್ ಮುರಿಯುತ್ತದೆ. ಈ ಕುರುಡುತನಕ್ಕೆ ಒಂದು ಲಾಭವೂ ಇದೆ. ಮೂಲವನ್ನು ತೆಗೆದು ಅದೇ ಹೆಸರಿನ ಹೊಸ ಫೋಲ್ಡರ್ ಇಟ್ಟರೆ ಲಿಂಕ್ ಮರುಮಾತಿಲ್ಲದೆ ಹೊಸದರತ್ತ ತಿರುಗುತ್ತದೆ. ತಂತ್ರಾಂಶದ ಆವೃತ್ತಿ ಬದಲಿಸುವವರು ಇದನ್ನೇ ನೆಚ್ಚಿಕೊಂಡಿದ್ದಾರೆ.

ದಾರಿಯನ್ನು ಬೇರಿನಿಂದ, ಅಂದರೆ ಎಲ್ಲಕ್ಕೂ ಮೇಲಿನ ಫೋಲ್ಡರಿನಿಂದ, ಪೂರ್ತಿಯಾಗಿ ಬರೆಯಬಹುದು, ಅಥವಾ ಲಿಂಕ್ ಇರುವ ಜಾಗದಿಂದ ಎಷ್ಟು ದೂರ ಎಂದು ಬರೆಯಬಹುದು. ಎರಡನೆಯದು ರಿಲೇಟಿವ್ ಲಿಂಕ್. ಲಿಂಕೂ ಮೂಲವೂ ಒಂದೇ ಪ್ರಾಜೆಕ್ಟ್ ಫೋಲ್ಡರಿನೊಳಗಿದ್ದರೆ ರಿಲೇಟಿವ್ ಮಾಡಿ, ಇಡೀ ಫೋಲ್ಡರನ್ನು ಎಲ್ಲಿಗೆ ಒಯ್ದರೂ ಮುರಿಯುವುದಿಲ್ಲ. ಮೂಲ ಬೇರೆ ಡಿಸ್ಕಿನಲ್ಲಿದ್ದರೆ ಪೂರ್ತಿ ದಾರಿಯೇ ಸರಿ.

ವಿಂಡೋಸ್‌ನಲ್ಲಿ ಎರಡು ಬಾಗಿಲುಗಳಿವೆ. ಜಂಕ್ಷನ್ ವಿಂಡೋಸ್ 2000ದಿಂದ ಇದೆ, ಸಿಮ್‌ಲಿಂಕ್ ವಿಸ್ಟಾದಿಂದ. ಜಂಕ್ಷನ್ ಫೋಲ್ಡರಿಗೆ ಮಾತ್ರ ಆಗುತ್ತದೆ, ಪೂರ್ತಿ ದಾರಿಯೇ ಬೇಕು, ಅದೇ ಕಂಪ್ಯೂಟರಿನ ಡಿಸ್ಕುಗಳಿಗಷ್ಟೇ ಹೋಗುತ್ತದೆ. ಆದರೆ ಅದನ್ನು ಮಾಡಲು ಅಡ್ಮಿನ್ ಅನುಮತಿ ಬೇಡ. ಸಿಮ್‌ಲಿಂಕ್ ಫೈಲಿಗೂ ಆಗುತ್ತದೆ, ರಿಲೇಟಿವ್ ಆಗಬಲ್ಲದು, ನೆಟ್‌ವರ್ಕಿನ ಫೋಲ್ಡರಿಗೂ ಹೋಗಬಲ್ಲದು. ಮಾಡಲು ಮಾತ್ರ ಅಡ್ಮಿನ್ ಆಗಿರಬೇಕು. 2017ರಲ್ಲಿ ಬಂದ ವಿಂಡೋಸ್ 10ರ ಕ್ರಿಯೇಟರ್ಸ್ ಅಪ್‌ಡೇಟಿನ ನಂತರ ಡೆವಲಪರ್ ಮೋಡ್ ಹಾಕಿಕೊಂಡವರಿಗೆ ಆ ಕಟ್ಟು ಸಡಿಲಾಯಿತು. ಒಂದೇ ಕಂಪ್ಯೂಟರಿನಲ್ಲಿ ಸಿ ಡ್ರೈವಿನ ಭಾರವನ್ನು ಡಿ ಡ್ರೈವಿಗೆ ಇಳಿಸುವುದಷ್ಟೇ ನಿಮ್ಮ ಗುರಿಯಾದರೆ ಜಂಕ್ಷನ್ ಸಾಕು, ಅದೇ ಮೇಲು.

ಎಕ್ಸ್‌ಪ್ಲೋರರಿನ ಮೆನುವಿನಲ್ಲಿ ಇವೆರಡೂ ಇಲ್ಲ. ಕಮಾಂಡ್ ಪ್ರಾಂಪ್ಟಿನಲ್ಲಿ ಎಂಕೆಲಿಂಕ್ ಬಳಸಬೇಕು: ಜಂಕ್ಷನ್ನಿಗೆ /ಜೆ, ಫೋಲ್ಡರ್ ಸಿಮ್‌ಲಿಂಕಿಗೆ /ಡಿ. ಇಲ್ಲಿ ಲಿಂಕಿನ ಹೆಸರು ಮೊದಲು, ಮೂಲ ಆಮೇಲೆ. ಲಿನಕ್ಸ್ ಮತ್ತು ಮ್ಯಾಕ್‌ನ ಎಲ್‌ಎನ್ -ಎಸ್ ಕಮಾಂಡಿನಲ್ಲಿ ಇದು ತಿರುವುಮುರುವು, ಮೂಲ ಮೊದಲು, ಲಿಂಕ್ ಆಮೇಲೆ. ಎರಡೂ ಕಡೆ ಕೆಲಸ ಮಾಡುವವರು ಎಡವುವುದು ಇಲ್ಲೇ.

ಒಳಗೆ ಹೋದಮೇಲೆ ಎಲ್ಲಿದ್ದೀರಿ?

ಫೈಲ್ ಮ್ಯಾನೇಜರುಗಳ ನಿಜವಾದ ವ್ಯತ್ಯಾಸ ಕಾಣುವುದು ಇಲ್ಲಿ. ಜಂಕ್ಷನ್ ಅಥವಾ ಸಿಮ್‌ಲಿಂಕಿನೊಳಗೆ ಹೋದಾಗ ಎಕ್ಸ್‌ಪ್ಲೋರರ್, ಲಿನಕ್ಸಿನ ಗ್ನೋಮ್ ಡೆಸ್ಕ್‌ಟಾಪಿನ ಫೈಲ್ಸ್ (ನಾಟಿಲಸ್ ಎಂದೇ ಹಲವರಿಗೆ ಪರಿಚಿತ) ಮತ್ತು ಕೆಡಿಇ ಡೆಸ್ಕ್‌ಟಾಪಿನ ಡಾಲ್ಫಿನ್ ಮೂರೂ ನೀವು ನಡೆದು ಬಂದ ದಾರಿಯನ್ನೇ ಮೇಲೆ ತೋರಿಸುತ್ತವೆ. ಮೇಲಕ್ಕೆ ಎಂದರೆ ಲಿಂಕ್ ಇದ್ದ ಫೋಲ್ಡರಿಗೇ ಮರಳುತ್ತೀರಿ. ಫೈಂಡರ್ ಹಾಗಲ್ಲ. ಅದು ಲಿಂಕನ್ನು ಬಿಡಿಸಿ ಮೂಲಕ್ಕೇ ಕರೆದೊಯ್ಯುತ್ತದೆ, ಪಾತ್ ಬಾರಿನಲ್ಲಿ ಮೂಲದ ದಾರಿ ಕಾಣುತ್ತದೆ.

ಯಾವುದು ಒಳ್ಳೆಯದು? ಲಿಂಕನ್ನು ಅನುಕೂಲಕ್ಕೆ ಮಾಡಿಕೊಂಡವರಿಗೆ ಮೊದಲ ನಡೆ ಹಿತ, ಇಡೀ ಮರ ಒಂದೇ ಎನಿಸುತ್ತದೆ. ಆದರೆ ಅಳಿಸುವ, ಸಾಗಿಸುವ ಕೆಲಸ ಇದ್ದಾಗ ಫೈಂಡರಿನ ನಡೆಯೇ ನನಗೆ ಹೆಚ್ಚು ಪ್ರಾಮಾಣಿಕ ಎನಿಸುತ್ತದೆ, ಏಕೆಂದರೆ ನೀವು ಕೈಹಾಕಿರುವುದು ಯಾವ ಡಿಸ್ಕಿಗೆ ಎಂಬುದು ಕಣ್ಣೆದುರೇ ಇರುತ್ತದೆ.

ಈ ವಿಷಯದಲ್ಲಿ ಎಲ್ಲರಿಗಿಂತ ಚೆನ್ನಾಗಿ ಯೋಚಿಸಿರುವುದು ಟರ್ಮಿನಲ್ಲಿನಲ್ಲಿ ನಡೆಯುವ ಮಿಡ್‌ನೈಟ್ ಕಮಾಂಡರ್. ಲಿಂಕ್ ಮೂಲಕ ಬಂದಾಗ ಮೇಲಕ್ಕೆ ಎಂದರೆ ಲಿಂಕ್ ಇದ್ದಲ್ಲಿಗೋ ಮೂಲದ ಮೇಲಿನ ಫೋಲ್ಡರಿಗೋ ಎಂಬುದನ್ನು ಅದು ನಿಮ್ಮ ಸೆಟ್ಟಿಂಗಿಗೇ ಬಿಟ್ಟಿದೆ. ಗುರುತುಗಳೂ ಸ್ಪಷ್ಟ: ಫೋಲ್ಡರಿನ ಲಿಂಕಿಗೆ ಅಲೆಗೆರೆ, ಫೈಲಿನ ಲಿಂಕಿಗೆ @ ಚಿಹ್ನೆ, ಮುರಿದ ಲಿಂಕಿಗೆ ಆಶ್ಚರ್ಯಸೂಚಕ. ಲಿಂಕಿನೊಳಗಿನ ದಾರಿಯನ್ನು ಅಲ್ಲೇ ತಿದ್ದಲೂ ಬಹುದು.

ಚಿತ್ರರೂಪದ ಫೈಲ್ ಮ್ಯಾನೇಜರ್ ಬೇಕೆನ್ನುವವರಿಗೆ ನನ್ನ ಆಯ್ಕೆ ಡಾಲ್ಫಿನ್. ಫೋಲ್ಡರನ್ನು ಎಳೆದು ಬಿಟ್ಟ ಕೂಡಲೇ ಸಾಗಿಸಲೇ, ನಕಲಿಸಲೇ, ಲಿಂಕ್ ಮಾಡಲೇ ಎಂದು ಕೇಳುತ್ತದೆ. ಲಿಂಕಿನ ಹೆಸರನ್ನು ಓರೆ ಅಕ್ಷರದಲ್ಲಿ ತೋರಿಸುತ್ತದೆ. ವಿವರ ನೋಟದಲ್ಲಿ ಲಿಂಕ್ ಎಲ್ಲಿಗೆ ಹೋಗುತ್ತದೆ ಎಂಬ ಕಾಲಮ್ಮನ್ನೇ ಸೇರಿಸಿಕೊಳ್ಳಬಹುದು. ನೂರು ಲಿಂಕ್ ಇರುವ ಫೋಲ್ಡರನ್ನು ಒಂದೇ ನೋಟದಲ್ಲಿ ಪರೀಕ್ಷಿಸಲು ಈ ಕಾಲಮ್ಮಿನಷ್ಟು ಉಪಕಾರಿ ಬೇರೊಂದಿಲ್ಲ. ಗ್ನೋಮ್‌ನ ಫೈಲ್ಸ್ ಲಿಂಕ್ ಮಾಡಬಲ್ಲದಾದರೂ ಆ ಆಯ್ಕೆಯನ್ನು ಮೆನುವಿನಲ್ಲಿ ಕಾಣಿಸಲು ಮೊದಲು ಪ್ರಿಫರೆನ್ಸಸ್‌ಗೆ ಹೋಗಿ ಗುರುತು ಹಾಕಬೇಕು. ಲಿನಕ್ಸ್ ಮಿಂಟ್‌ನ ನೆಮೊ ಲಿಂಕಿನಿಂದ ಮೂಲಕ್ಕೆ ಹೋಗುವ ಆಯ್ಕೆಯನ್ನು ಮೆನುವಿನಲ್ಲೇ ಇಟ್ಟಿದೆ.

ನಕಲು ಮಾಡುವಾಗ

ನನ್ನ ಫೋಟೊಗಳು ಹೋದದ್ದು ಇಲ್ಲಿ, ಹಾಗಾಗಿ ಇದನ್ನು ನಿಧಾನವಾಗಿ ಓದಿ. ನಾಟಿಲಸ್, ಡಾಲ್ಫಿನ್, ಫೈಂಡರ್ ಇವು ಸಿಮ್‌ಲಿಂಕನ್ನು ಲಿಂಕಾಗಿಯೇ ನಕಲಿಸುತ್ತವೆ. ಎಕ್ಸ್‌ಪ್ಲೋರರ್ ಇದಕ್ಕೆ ತದ್ವಿರುದ್ಧ: ಫೋಲ್ಡರಿನ ಸಿಮ್‌ಲಿಂಕನ್ನು ನಕಲಿಸಿ ಅಂಟಿಸಿದರೆ ಆಚೆಗಿರುವ ಸರಕೆಲ್ಲ ನಕಲಾಗಿ ನಿಜವಾದ ಫೋಲ್ಡರ್ ಹುಟ್ಟುತ್ತದೆ. ಹಾಗಾಗಿ ಒಂದೇ ಎಳೆತಕ್ಕೆ ಲಿನಕ್ಸಿನಲ್ಲಿ ಸರಕು ಬಾರದೆ ಹೋಗಬಹುದು, ವಿಂಡೋಸ್‌ನಲ್ಲಿ ನಿರೀಕ್ಷೆಗಿಂತ ಎಷ್ಟೋ ಪಟ್ಟು ಬಂದು ಡಿಸ್ಕ್ ತುಂಬಬಹುದು. ಮಿಡ್‌ನೈಟ್ ಕಮಾಂಡರ್ ನಕಲಿನ ಕಿಟಕಿಯಲ್ಲೇ ಲಿಂಕ್ ಬೆನ್ನುಹತ್ತಲೇ ಎಂಬ ಗುರುತಿನ ಚೌಕ ಕೊಡುತ್ತದೆ. ಎಲ್ಲ ಫೈಲ್ ಮ್ಯಾನೇಜರುಗಳೂ ಇದನ್ನು ಕಲಿಯಬೇಕಿತ್ತು.

ಕಮಾಂಡುಗಳಲ್ಲಿ ಆಯ್ಕೆ ನಿಮ್ಮ ಕೈಯಲ್ಲೇ ಇದೆ. ಫೈಲುಗಳನ್ನು ನಕಲಿಸುವ ಆರ್‌ಸಿಂಕ್ -ಎ ಲಿಂಕನ್ನು ಲಿಂಕಾಗಿ ಒಯ್ಯುತ್ತದೆ, ದೊಡ್ಡಕ್ಷರದ -ಎಲ್ ಸೇರಿಸಿದರೆ ಸರಕನ್ನು ಒಯ್ಯುತ್ತದೆ.

ಹೊರಗಿನ ಡಿಸ್ಕ್ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ವಿನ್ಯಾಸದ್ದಾಗಿದ್ದರೆ ಅಲ್ಲಿ ಸಿಮ್‌ಲಿಂಕಿಗೆ ಜಾಗವೇ ಇಲ್ಲ, ನಕಲು ಮಾಡುವಾಗ ಲಿನಕ್ಸ್ ಫೈಲ್ ಮ್ಯಾನೇಜರ್ ದೋಷ ತೋರಿಸುತ್ತದೆ. ಆ ಸಂದೇಶ ಕಿರಿಕಿರಿ ಎನಿಸಿದರೂ ಸ್ಕಿಪ್ ಒತ್ತಬೇಡಿ. ಬ್ಯಾಕಪ್ಪಿಗೆ ಸರಕು ಬಂದಿಲ್ಲ ಎಂದು ಅದು ನೇರವಾಗಿ ಹೇಳುತ್ತಿದೆ.

ಕೊನೆಯಿಲ್ಲದ ಸುತ್ತು ಇನ್ನೊಂದು ಅಪಾಯ. ವಿಂಡೋಸ್‌ನ ಯೂಸರ್ ಫೋಲ್ಡರಿನಲ್ಲಿ, ಆಪ್‌ಡೇಟಾದ ಲೋಕಲ್ ಒಳಗೆ ಅಪ್ಲಿಕೇಶನ್ ಡೇಟಾ ಎಂಬ ಮರೆಯಾದ ಜಂಕ್ಷನ್ ಇದೆ, ಅದು ತಿರುಗಿ ಲೋಕಲ್ ಫೋಲ್ಡರಿಗೇ ಹೋಗುತ್ತದೆ. ಹಳೆಯ ಪ್ರೋಗ್ರಾಮುಗಳ ಸಲುವಾಗಿ ಇಟ್ಟದ್ದು. ಲಿಂಕ್ ಬೆನ್ನುಹತ್ತುವ ನಕಲು ಕಮಾಂಡು ಇಲ್ಲಿ ಒಳಗೊಳಗೇ ಸುತ್ತುತ್ತದೆ. ವಿಂಡೋಸ್‌ನ ನಕಲು ಕಮಾಂಡಾದ ರೋಬೊಕಾಪಿ ಬಳಸುವವರು /ಎಕ್ಸ್‌ಜೆ ಹಾಕಿದರೆ ಜಂಕ್ಷನ್‌ಗಳನ್ನು ಬಿಟ್ಟು ಮುಂದೆ ಹೋಗುತ್ತದೆ. ಸಿ ಡ್ರೈವಿನ ಡಾಕ್ಯುಮೆಂಟ್ಸ್ ಆಂಡ್ ಸೆಟ್ಟಿಂಗ್ಸ್ ಒತ್ತಿದರೆ ಅನುಮತಿಯಿಲ್ಲ ಎನ್ನುವುದೂ ಇದೇ ಕಾರಣಕ್ಕೆ: ಅದು ಯೂಸರ್ಸ್ ಫೋಲ್ಡರಿನತ್ತ ಇಟ್ಟ ಜಂಕ್ಷನ್, ಪಟ್ಟಿ ನೋಡದಂತೆ ಬೇಕೆಂದೇ ಬೀಗ ಹಾಕಿದೆ. ಬೀಗ ಒಡೆಯಲು ಹೋಗಬೇಡಿ, ಕಂಪ್ಯೂಟರಿನಲ್ಲಿ ಏನೂ ಕೆಟ್ಟಿಲ್ಲ. ಇಂಥ ಸುತ್ತಿಗೆ ಸಿಕ್ಕದಿರಲು ಲಿನಕ್ಸಿನ ತಿರುಳಾದ ಕರ್ನಲ್ ಒಂದು ದಾರಿ ಬಿಡಿಸುವಾಗ 40 ಸಿಮ್‌ಲಿಂಕ್ ದಾಟಿದರೆ ಸಾಕು ಎಂದು ನಿಲ್ಲುತ್ತದೆ.

ಅಳಿಸುವಾಗ

ಇಂದಿನ ಫೈಲ್ ಮ್ಯಾನೇಜರುಗಳಲ್ಲಿ ಲಿಂಕನ್ನೇ ಆರಿಸಿ ಅಳಿಸಿದರೆ ಲಿಂಕ್ ಮಾತ್ರ ಹೋಗುತ್ತದೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಎಕ್ಸ್‌ಪ್ಲೋರರಿನಿಂದ ಜಂಕ್ಷನ್ ಅಳಿಸಿದರೆ ಒಳಗಿನ ಸರಕೂ ಹೋಗುತ್ತಿತ್ತು. ಹಳೆಯ ಯಂತ್ರ ಇನ್ನೂ ಬಳಸುತ್ತಿದ್ದರೆ ಇದನ್ನು ನೆನಪಿಡಿ. ಆದರೆ ಬಾಗಿಲು ದಾಟಿ ಒಳಗೆ ಹೋಗಿ ಅಳಿಸಿದ್ದು ಯಾವ ಕಾಲದಲ್ಲೂ ಮೂಲವನ್ನೇ ಅಳಿಸುತ್ತದೆ. ಪ್ರತಿ ಎಂದು ತಿಳಿದು ಒಳಗೆ ಹೋಗಿ ಎಲ್ಲ ಆರಿಸಿ ಡಿಲೀಟ್ ಒತ್ತಿದವರು ಫೋಟೊ ಕಳೆದುಕೊಂಡಿದ್ದು ಹೀಗೆ. ಕಮಾಂಡ್ ಪ್ರಾಂಪ್ಟಿನಲ್ಲಿ ಜಂಕ್ಷನ್ ತೆಗೆಯಲು /ಎಸ್ ಇಲ್ಲದ ಆರ್‌ಎಂಡಿಐಆರ್ ಸಾಕು. ಲಿನಕ್ಸಿನಲ್ಲಿ ಲಿಂಕಿನ ಹೆಸರಿನ ಕೊನೆಗೆ ಸ್ಲ್ಯಾಶ್ ಇರದಂತೆ ನೋಡಿಕೊಳ್ಳಿ. ಟ್ಯಾಬ್ ಒತ್ತಿ ಹೆಸರು ತುಂಬಿಸಿದಾಗ ಅದು ತಾನೇ ಸೇರಿಕೊಳ್ಳಬಹುದು, ಸ್ಲ್ಯಾಶ್ ಎಂದರೆ ಲಿಂಕಿನಾಚೆಯ ಫೋಲ್ಡರ್ ಎಂದರ್ಥ.

ಹಾಗಾದರೆ ಯಾವುದನ್ನು ಆರಿಸುವುದು?

ಬೇಗ ತಲುಪುವುದಷ್ಟೇ ಬೇಕಿದ್ದರೆ ಇವ್ಯಾವುದೂ ಬೇಡ. ಫೋಲ್ಡರನ್ನು ಎಡಗಡೆಯ ಪಟ್ಟಿಗೆ ಸೇರಿಸಿ: ವಿಂಡೋಸ್‌ನಲ್ಲಿ ಕ್ವಿಕ್ ಆಕ್ಸೆಸ್, ಮ್ಯಾಕ್‌ನಲ್ಲಿ ಸೈಡ್‌ಬಾರ್, ನಾಟಿಲಸ್‌ನಲ್ಲಿ ಬುಕ್‌ಮಾರ್ಕ್, ಡಾಲ್ಫಿನ್‌ನಲ್ಲಿ ಪ್ಲೇಸಸ್. ಡಿಸ್ಕಿನಲ್ಲಿ ಏನೂ ಹುಟ್ಟುವುದಿಲ್ಲ, ಯಾವ ಬ್ಯಾಕಪ್ಪೂ ಗೊಂದಲಕ್ಕೆ ಬೀಳುವುದಿಲ್ಲ. ವಿಂಡೋಸ್‌ನ ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಫೋಲ್ಡರುಗಳನ್ನು ಬೇರೆ ಡಿಸ್ಕಿಗೆ ಸಾಗಿಸಲು ಪ್ರಾಪರ್ಟೀಸ್‌ನ ಲೊಕೇಶನ್ ಟ್ಯಾಬಿದೆ, ಜಂಕ್ಷನ್ ಹಾಕುವ ಮೊದಲು ಅಲ್ಲಿ ನೋಡಿ. ಮೂಲ ಆಗಾಗ ಜಾಗ ಬದಲಿಸುತ್ತಿದ್ದರೆ ಮತ್ತು ತೆರೆಯುವವರು ನೀವೇ ಆದರೆ ಶಾರ್ಟ್‌ಕಟ್ ಅಥವಾ ಅಲಿಯಾಸ್. ಪ್ರೋಗ್ರಾಮೂ ನಂಬಬೇಕಾದರೆ ವಿಂಡೋಸ್‌ನಲ್ಲಿ ಜಂಕ್ಷನ್, ಉಳಿದೆಡೆ ಸಿಮ್‌ಲಿಂಕ್.

ಎರಡು ಕಡೆ ಸಿಮ್‌ಲಿಂಕೂ ಸೋಲುತ್ತದೆ. ಫ್ಲಾಟ್‌ಪ್ಯಾಕ್‌ನಂಥ ಸ್ಯಾಂಡ್‌ಬಾಕ್ಸಿನಲ್ಲಿ, ಅಂದರೆ ಬೇಲಿ ಹಾಕಿದ ಜಾಗದಲ್ಲಿ, ನಡೆಯುವ ಪ್ರೋಗ್ರಾಮಿಗೆ ಲಿಂಕ್ ಕಂಡರೂ ಅದರಾಚೆಯ ಫೋಲ್ಡರಿಗೆ ಅನುಮತಿ ಇಲ್ಲದಿದ್ದರೆ ಒಳಗೆ ಹೋಗಲಾಗದು. ಮೂಲ ಫೋಲ್ಡರಿಗೇ ಅನುಮತಿ ಕೊಡಬೇಕು. ನೆಟ್‌ವರ್ಕಿನಲ್ಲಿ ಫೋಲ್ಡರ್ ಹಂಚುವ ಸಾಂಬಾ ಮೂಲಕ ಹಂಚಿದ ಫೋಲ್ಡರಿನಲ್ಲಿ, ಹಂಚಿಕೆಯ ಹೊರಗೆ ಹೋಗುವ ಲಿಂಕನ್ನು ಸರ್ವರ್ ತಾನಾಗಿ ತೆರೆಯುವುದಿಲ್ಲ, ಸುರಕ್ಷತೆಗಾಗಿ ಹಾಗೆ ಇಟ್ಟಿದ್ದಾರೆ. ಅಂಥ ಕಡೆ ಒಂದು ಫೋಲ್ಡರನ್ನು ಇನ್ನೊಂದು ಜಾಗದಲ್ಲೂ ಜೋಡಿಸುವ ಲಿನಕ್ಸಿನ ಬೈಂಡ್ ಮೌಂಟ್ ಒಳ್ಳೆಯ ಪರಿಹಾರ, ಫೈಲ್ ಮ್ಯಾನೇಜರಿಗೆ ಅದು ಲಿಂಕೆಂದು ಕಾಣುವುದೇ ಇಲ್ಲ.

ಕೋಡಿನ ಆವೃತ್ತಿಗಳನ್ನು ಕಾಪಿಡುವ ಗಿಟ್ ಬಳಸುವವರಿಗೆ ಒಂದು ಮಾತು: ಸಿಮ್‌ಲಿಂಕ್ ಇರುವ ರೆಪೊಸಿಟರಿಯನ್ನು (ಗಿಟ್‌ನ ಪ್ರಾಜೆಕ್ಟ್ ಫೋಲ್ಡರನ್ನು) ಅದಕ್ಕೆ ಬೆಂಬಲ ಹಾಕಿರದ ವಿಂಡೋಸ್‌ನಲ್ಲಿ ತೆರೆದರೆ ಲಿಂಕಿನ ಬದಲು ದಾರಿ ಬರೆದ ಒಂದು ಸಾದಾ ಪಠ್ಯ ಫೈಲು ಸಿಗುತ್ತದೆ.

ಯಾವುದನ್ನೇ ಆರಿಸಿ, ನಿಜವಾದ ಫೋಟೊಗಳನ್ನು ಒಪ್ಪಿಸುವ ಮೊದಲು ಖಾಲಿ ಫೋಲ್ಡರಿನಲ್ಲಿ ಎರಡು ಬೇಡದ ಫೈಲಿಟ್ಟು ಲಿಂಕ್ ಮಾಡಿ, ನಕಲಿಸಿ, ಅಳಿಸಿ ನೋಡಿ. ಬ್ಯಾಕಪ್ ತೆಗೆದ ಮೇಲೆ ಅದೇ ಕಂಪ್ಯೂಟರಿನಲ್ಲಿ ತೆರೆದು ಸಮಾಧಾನಪಡಬೇಡಿ, ಅಲ್ಲಿ ಬರಿಯ ಲಿಂಕ್ ಕೂಡ ಸರಿಯಾಗಿಯೇ ತೆರೆಯುತ್ತದೆ. ಆ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ಒಂದು ಹಳೆಯ ಫೋಟೊ ತೆರೆಯಿರಿ.